ಉಳಿದ ಕಂತುಗಳ ಇವತ್ತಿನ ಬೆಲೆ ಎಷ್ಟು? ಸಾಲದ ಪ್ರಸ್ತುತ ಮೌಲ್ಯ ಲೆಕ್ಕ ಹಾಕುವ ಕ್ರಮ

‘ತಿಂಗಳಿಗೆ 22,493 ರೂಪಾಯಿ ಕಟ್ಟುತ್ತಿದ್ದೇನೆ, ಇನ್ನೂ 180 ಕಂತು ಉಳಿದಿವೆ. ಅಂದರೆ ಬ್ಯಾಂಕಿಗೆ 40 ಲಕ್ಷ ಕೊಡಬೇಕಾ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅಂಕಿಗಳು ಬೇರೆ ಬೇರೆ, ಗಾಬರಿ ಒಂದೇ. 22,493ನ್ನು 180ರಿಂದ ಗುಣಿಸಿದರೆ 40,48,740 ಬರುವುದು ನಿಜ. ಆದರೆ ಅದರಲ್ಲಿ ಇನ್ನೂ ಹುಟ್ಟದ ಬಡ್ಡಿಯೂ ಸೇರಿಕೊಂಡಿದೆ. ಇವತ್ತೇ ಸಾಲ ತೀರಿಸಿದರೆ ಆ ಬಡ್ಡಿ ಹುಟ್ಟುವುದೇ ಇಲ್ಲ. ಬಡ್ಡಿ ದರ ಶೇ. 9 ಆಗಿದ್ದರೆ ಈ ಸಾಲದ ನಿಜವಾದ ಬಾಕಿ 22 ಲಕ್ಷದ 18 ಸಾವಿರದ ಆಸುಪಾಸು, ಅಷ್ಟೇ.

ಮುಂದೆ ಕಟ್ಟಬೇಕಾದ ಒಂದೊಂದು ಕಂತಿನಿಂದಲೂ ಅದರ ಗಡುವಿನವರೆಗಿನ ಬಡ್ಡಿಯನ್ನು ತೆಗೆದುಹಾಕಿ, ಉಳಿದದ್ದನ್ನು ಕೂಡಿಸಿದರೆ ಬರುವ ಮೊತ್ತಕ್ಕೆ ಪ್ರಸ್ತುತ ಮೌಲ್ಯ ಎನ್ನುತ್ತಾರೆ. ಸಾಲದ್ದೇ ಬಡ್ಡಿ ದರ ಹಾಕಿ ಲೆಕ್ಕ ಮಾಡಿದರೆ ಅದು ಬಾಕಿ ಅಸಲಿಗೆ ಸಮ. ಬೇರೆ ದರ ಹಾಕಿದರೆ ಬೇರೆಯೇ ಪ್ರಶ್ನೆಗೆ ಉತ್ತರ ಸಿಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಮಾಡಿದ ಲೆಕ್ಕ ಅಂಕಗಣಿತದಲ್ಲಿ ಸರಿಯಿದ್ದರೂ ನಿರ್ಧಾರದಲ್ಲಿ ಕೈಕೊಡುತ್ತದೆ. ಅದಕ್ಕೆ ಕೊನೆಯಲ್ಲಿ ಬರೋಣ.

ಮೊದಲು ಮೂರೇ ಕಂತಿನ ಒಂದು ಲೆಕ್ಕ ನೋಡಿ. ತಿಂಗಳಿಗೆ ಶೇ. 1 ಬಡ್ಡಿ, ತಲಾ 10,000 ರೂಪಾಯಿಯ ಮೂರು ಕಂತು ಬಾಕಿ ಎನ್ನಿ. ಒಂದು ತಿಂಗಳ ನಂತರದ ಕಂತನ್ನು 1.01ರಿಂದ ಒಮ್ಮೆ ಭಾಗಿಸಿದರೆ 9,900.99. ಎರಡನೆಯದನ್ನು ಎರಡು ಸಲ ಭಾಗಿಸಿದರೆ 9,802.96. ಮೂರನೆಯದನ್ನು ಮೂರು ಸಲ ಭಾಗಿಸಿದರೆ 9,705.90. ಒಟ್ಟು 29,409.85. ತಾಳೆ ನೋಡಬೇಕೆ? ಈ ಮೊತ್ತಕ್ಕೆ ಶೇ. 1 ಬಡ್ಡಿ ಸೇರಿಸಿ 10,000 ಕಳೆಯಿರಿ. ಹೀಗೆ ಮೂರು ಸಲ ಮಾಡಿದಾಗ ಸರಿಯಾಗಿ ಸೊನ್ನೆ ಬರುತ್ತದೆ. 180 ಕಂತಿಗೂ ಮಾಡುವುದು ಇದನ್ನೇ. ಅಷ್ಟು ಸಲ ಭಾಗಿಸುವ ಶ್ರಮ ತಪ್ಪಿಸಲು ಸೂತ್ರ ಇದೆ.

ಬೇಕಾದ ಮೂರು ಅಂಕಿ: ಕಂತಿನ ಮೊತ್ತ, ಈಗ ನಡೆಯುತ್ತಿರುವ ವಾರ್ಷಿಕ ಬಡ್ಡಿ ದರ, ಉಳಿದ ಕಂತುಗಳ ಸಂಖ್ಯೆ. ಹಿಂದೆ ಎಷ್ಟು ಕಟ್ಟಿದ್ದೀರಿ, ಮೂಲ ಸಾಲ ಎಷ್ಟಿತ್ತು ಎಂಬುದು ಈ ಲೆಕ್ಕಕ್ಕೆ ಬೇಡವೇ ಬೇಡ. ಇಲ್ಲಿನ ಉದಾಹರಣೆ 20 ವರ್ಷಕ್ಕೆ ಶೇ. 9ರಂತೆ ಪಡೆದ 25 ಲಕ್ಷದ ಗೃಹಸಾಲ. 60 ಕಂತು ಮುಗಿದಿವೆ.

1. ದರವನ್ನು ತಿಂಗಳಿಗೆ ಇಳಿಸಿ

ವಾರ್ಷಿಕ ದರವನ್ನು 12ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 100ರಿಂದ ಭಾಗಿಸಿ. 9 ÷ 12 = 0.75, 0.75 ÷ 100 = 0.0075. ನಮ್ಮ ಬ್ಯಾಂಕುಗಳು ಇಎಂಐ ಸಾಲಕ್ಕೆ ಹೀಗೆಯೇ ಲೆಕ್ಕ ಹಾಕುತ್ತವೆ.

ದಶಾಂಶಗಳನ್ನು ಕತ್ತರಿಸಬೇಡಿ. ಶೇ. 8.5ನ್ನು 12ರಿಂದ ಭಾಗಿಸಿದರೆ 0.708333 ಬರುತ್ತದೆ. ಅದನ್ನು 0.7 ಎಂದು ಬರೆದುಕೊಂಡು ಮುಂದುವರಿದರೆ ಇದೇ ಕಂತಿಗೆ, ಇದೇ 180 ತಿಂಗಳಿಗೆ ಉತ್ತರ ಸುಮಾರು 13,650 ರೂಪಾಯಿ ಹೆಚ್ಚಾಗುತ್ತದೆ.

ಯಾವ ದರ ತೆಗೆದುಕೊಳ್ಳಬೇಕು ಎಂಬಲ್ಲೂ ಎಡವುವವರಿದ್ದಾರೆ. 2024ರ ಅಕ್ಟೋಬರ್ 1ರ ನಂತರದ ಹೊಸ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಮುಖ್ಯಾಂಶ ಪತ್ರ ಕಡ್ಡಾಯ. ಅದರಲ್ಲಿ ಬಡ್ಡಿ ದರವೂ ಇರುತ್ತದೆ, ಎಪಿಆರ್ ಎಂಬ ಇನ್ನೊಂದು ದರವೂ ಇರುತ್ತದೆ. ಎಪಿಆರ್ ಎಂದರೆ ಸಂಸ್ಕರಣಾ ಶುಲ್ಕ ಮುಂತಾದ ಖರ್ಚುಗಳನ್ನೂ ಬಡ್ಡಿಯ ರೂಪಕ್ಕೆ ತಂದು ಸೇರಿಸಿದ ದರ. ಎರಡು ಬ್ಯಾಂಕುಗಳನ್ನು ಹೋಲಿಸಲು ಅದು ಒಳ್ಳೆಯದು. ಬಾಕಿ ಕಂಡುಹಿಡಿಯಲು ಅದನ್ನು ಹಾಕಬೇಡಿ, ಬಾಕಿ ನಿಜಕ್ಕಿಂತ ಕಡಿಮೆ ಕಾಣುತ್ತದೆ.

2. ಉಳಿದ ಕಂತು ಎಣಿಸಿ

ಎಣಿಕೆ ತಿಂಗಳಲ್ಲಿ ಇರಲಿ, ವರ್ಷದಲ್ಲಿ ಬೇಡ. 240ರಲ್ಲಿ 60 ಕಳೆದರೆ 180 ಎಂಬ ಸರಳ ಕಳೆಯುವಿಕೆ ನಡೆಯುವುದು ಬಡ್ಡಿ ದರ ಒಮ್ಮೆಯೂ ಬದಲಾಗದಿದ್ದರೆ ಮಾತ್ರ. ಫ್ಲೋಟಿಂಗ್ ದರದ ಸಾಲದಲ್ಲಿ (ಮಾರುಕಟ್ಟೆಗೆ ತಕ್ಕಂತೆ ಏರಿಳಿಯುವ ದರ) ಉಳಿದ ಅವಧಿಯನ್ನು ಸ್ಟೇಟ್‌ಮೆಂಟ್ ಅಥವಾ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿಯೇ ಬರೆದುಕೊಳ್ಳಿ. ಕಾರಣ ಮುಂದೆ ಇದೆ.

ಕಟ್ಟುತ್ತಿರುವ ಹಂತದ ಫ್ಲ್ಯಾಟ್‌ಗೆ ಸಾಲ ಪಡೆದವರು ಪೂರ್ತಿ ಹಣ ಬಿಡುಗಡೆ ಆಗುವವರೆಗೆ ಬರೀ ಬಡ್ಡಿ ಕಟ್ಟಿರುತ್ತಾರೆ. ಇದನ್ನು ಪ್ರಿ-ಇಎಂಐ ಎನ್ನುತ್ತಾರೆ. ಆ ತಿಂಗಳುಗಳಲ್ಲಿ ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಅವನ್ನು ‘ಮುಗಿದ ಕಂತು’ ಎಂದು ಎಣಿಸಿದರೆ ಲೆಕ್ಕ ಅಲ್ಲೇ ತಪ್ಪಿತು.

3. ಗುಣಕ ತೆಗೆಯಿರಿ

ಸೂತ್ರ ಹೀಗಿದೆ:

ಗುಣಕ = [1 − 1 ÷ (1 + ದರ)^ಕಂತುಗಳ ಸಂಖ್ಯೆ] ÷ ದರ

ಪ್ರಸ್ತುತ ಮೌಲ್ಯ = ಕಂತು × ಗುಣಕ

^ ಚಿಹ್ನೆಯ ಅರ್ಥ ‘ಅಷ್ಟು ಸಲ ತನ್ನಿಂದಲೇ ಗುಣಿಸು’. ಫೋನನ್ನು ಅಡ್ಡ ಹಿಡಿದರೆ ಅದರ ಕ್ಯಾಲ್ಕುಲೇಟರಿನಲ್ಲಿ ಸಾಮಾನ್ಯವಾಗಿ ಘಾತದ ಗುಂಡಿ ಕಾಣಿಸುತ್ತದೆ. ಈ ಕ್ರಮದಲ್ಲಿ ಒತ್ತುತ್ತಾ ಹೋಗಿ:

1.0075 ^ 180 = 3.838043
1 ÷ 3.838043 = 0.260549
1 − 0.260549 = 0.739451
0.739451 ÷ 0.0075 = 98.5934

ಗುಣಕ 98.5934. ಕಂತುಗಳು 180 ಇದ್ದರೂ ಅವುಗಳ ಇವತ್ತಿನ ಬೆಲೆ ತೊಂಬತ್ತೆಂಟೂವರೆ ಕಂತಿನಷ್ಟು. ಗುಣಕ ಎಂದಿಗೂ ಕಂತುಗಳ ಸಂಖ್ಯೆಗಿಂತ ಹೆಚ್ಚಾಗಲು ಸಾಧ್ಯವಿಲ್ಲ. ಹೆಚ್ಚು ಬಂದರೆ ಎಲ್ಲೋ ತಪ್ಪು ಗುಂಡಿ ಒತ್ತಿದ್ದೀರಿ.

ಅಂಗಡಿಗಳಲ್ಲಿ ಬಳಸುವ ಜಿಟಿ (ಗ್ರ್ಯಾಂಡ್ ಟೋಟಲ್, ಅಂದರೆ ಎಲ್ಲ ಉತ್ತರಗಳ ಒಟ್ಟು ಮೊತ್ತ) ಗುಂಡಿಯ ಕ್ಯಾಲ್ಕುಲೇಟರಿನಲ್ಲೂ ಇದು ಆಗುತ್ತದೆ. ಮೊದಲಿನ ಶೇ. 1 ಬಡ್ಡಿಯ ಲೆಕ್ಕಕ್ಕೆ ವಾಣಿಜ್ಯ ವಿದ್ಯಾರ್ಥಿಗಳು ಮಾಡುವುದು ಹೀಗೆ: 1.01 ಒತ್ತಿ, ÷ ಒತ್ತಿ, ಎಷ್ಟು ಕಂತೋ ಅಷ್ಟು ಸಲ = ಒತ್ತಿ, ಕೊನೆಗೆ ಜಿಟಿ. ಗುಣಕ ನೇರವಾಗಿ ಬರುತ್ತದೆ. ಕೆಲವು ಮಾದರಿಗಳಲ್ಲಿ ÷ ಅನ್ನು ಎರಡು ಸಲ ಒತ್ತಿ, 1 ಹಾಕಿ, ಆಮೇಲೆ = ಒತ್ತಬೇಕು. ಮೂರು ಸಲ = ಒತ್ತಿದಾಗ ಜಿಟಿಯಲ್ಲಿ 2.94098 ಬಂದರೆ ನಿಮ್ಮ ಯಂತ್ರದ ಕ್ರಮ ಸರಿ ಎಂದರ್ಥ. ಶುರು ಮಾಡುವ ಮುನ್ನ ಜಿಟಿಯಲ್ಲಿ ಹಳೆಯ ಮೊತ್ತ ಉಳಿಯದಂತೆ ಅಳಿಸಿಕೊಳ್ಳಿ. ಹನ್ನೆರಡು, ಇಪ್ಪತ್ನಾಲ್ಕು ಕಂತಿನ ಸಾಲಕ್ಕೆ ಇದು ಸಾಕು. 180 ಸಲ ಒತ್ತುವ ಸಾಹಸ ಬೇಡ.

4. ಗುಣಿಸಿ, ತಾಳೆ ನೋಡಿ

22,493 × 98.5934 = 22,17,662 ರೂಪಾಯಿ (ಗುಣಕದ ದಶಾಂಶಗಳನ್ನು ಕತ್ತರಿಸದೆ ಗುಣಿಸಿದರೆ, ಹತ್ತಿರದ ರೂಪಾಯಿಗೆ). ಐದು ವರ್ಷದಲ್ಲಿ ಕಟ್ಟಿದ್ದು 13,49,580. ಅಸಲಿಗೆ ಹೋದದ್ದು ಸುಮಾರು 2,82,000 ಮಾತ್ರ. ಬೇಸರವಾಗುತ್ತದೆ, ಆದರೆ ಇದು ಬ್ಯಾಂಕಿನ ಮೋಸವಲ್ಲ. ಮೊದಮೊದಲು ಬಾಕಿ ದೊಡ್ಡದಿರುವುದರಿಂದ ಕಂತಿನ ಬಹುಪಾಲನ್ನು ಬಡ್ಡಿಯೇ ತಿನ್ನುತ್ತದೆ.

ಈಗ ಬ್ಯಾಂಕಿನ ಲೆಕ್ಕದ ಪಟ್ಟಿ ತೆಗೆದು 61ನೇ ಕಂತಿನ ಸಾಲು ನೋಡಿ. ಬಡ್ಡಿ 22,17,662 × 0.0075, ಅಂದರೆ 16,632ರ ಹತ್ತಿರ ಇರಬೇಕು. ಅಸಲಿಗೆ 5,861ರ ಹತ್ತಿರ. ಒಂದೇ ಸಾಲು ಹೊಂದಿದರೆ ಉಳಿದದ್ದೂ ಹೊಂದುತ್ತದೆ.

ಬ್ಯಾಂಕಿನ ಪಟ್ಟಿಯಲ್ಲಿ ಬಾಕಿ 22,17,687 ಎಂದಿದ್ದರೆ ಜಗಳಕ್ಕೆ ಹೋಗಬೇಡಿ. ಈ ಸಾಲದ ಕರಾರುವಾಕ್ಕಾದ ಕಂತು 22,493.15 ರೂಪಾಯಿ, 15 ಪೈಸೆ ಬಿಟ್ಟದ್ದು ಕಟ್ಟಿದ 60 ಕಂತುಗಳಲ್ಲಿ ಬಡ್ಡಿ ಸಮೇತ ಸುಮಾರು 11 ರೂಪಾಯಿ, ಉಳಿದ 180 ಕಂತುಗಳ ಇವತ್ತಿನ ಬೆಲೆಯಲ್ಲಿ ಸುಮಾರು 15 ರೂಪಾಯಿ, ಒಟ್ಟು ಸುಮಾರು 26 ರೂಪಾಯಿ ಅಂತರ ತಂದಿದೆ. ಕಟ್ಟಕಡೆಯ ಕಂತು ಉಳಿದವುಗಳಿಗಿಂತ ಸ್ವಲ್ಪ ಬೇರೆ ಇರುವುದೂ ಇದೇ ಕಾರಣಕ್ಕೆ. ವ್ಯತ್ಯಾಸ ಸಾವಿರಗಳಲ್ಲಿದ್ದರೆ ಮಾತ್ರ ವಿಚಾರಿಸಿ.

5. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ

ಒಂದು ಖಾನೆಯಲ್ಲಿ ಹೀಗೆ ಬರೆದರೆ ಸಾಕು (ಫಂಕ್ಷನ್ನಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು):

=PV(9%/12, 180, -22493)

ಕಂತಿನ ಹಿಂದಿನ ಋಣ ಚಿಹ್ನೆ ಬೇಕೇ ಬೇಕು. ಕೈಯಿಂದ ಹೋಗುವ ಹಣ ಋಣ, ಕೈಗೆ ಬರುವುದು ಧನ ಎಂಬುದು ಆ ತಂತ್ರಾಂಶದ ಲೆಕ್ಕ. ಚಿಹ್ನೆ ಬಿಟ್ಟರೆ ಉತ್ತರವೇ ಋಣದಲ್ಲಿ ಬರುತ್ತದೆ, ಮೊತ್ತವೇನೂ ಬದಲಾಗುವುದಿಲ್ಲ.

ಬೇರೆ ತಪ್ಪುಗಳನ್ನು ಉತ್ತರ ನೋಡಿಯೇ ಪತ್ತೆ ಹಚ್ಚಬಹುದು. ನಮ್ಮ ಉದಾಹರಣೆಯಲ್ಲಿ 29,991 ಬಂದರೆ ಶೇಕಡಾ ಚಿಹ್ನೆ ಮರೆತು 9/12 ಎಂದು ಹಾಕಿದ್ದೀರಿ. ಎರಡೂವರೆ ಲಕ್ಷದ ಹತ್ತಿರ ಬಂದರೆ 12ರಿಂದ ಭಾಗಿಸಿಲ್ಲ. 3,18,000ದ ಹತ್ತಿರ ಬಂದರೆ 180ರ ಜಾಗದಲ್ಲಿ 15 ವರ್ಷ ಎಂದು 15 ಹಾಕಿದ್ದೀರಿ.

ಇದೇ ಫಂಕ್ಷನ್ನಿಗೆ ಇನ್ನೆರಡು ಅಂಕಿ ಸೇರಿಸಬಹುದು. ನಾಲ್ಕನೆಯ ಜಾಗದಲ್ಲಿ 0, ಐದನೆಯ ಜಾಗದಲ್ಲಿ 1 ಹಾಕಿದರೆ ಕಂತನ್ನು ತಿಂಗಳ ಮೊದಲಲ್ಲೇ ಕಟ್ಟುತ್ತೀರಿ ಎಂದು ಅರ್ಥ. ವಾಹನ ಮತ್ತು ಗೃಹೋಪಕರಣ ಸಾಲಗಳಲ್ಲಿ ಸಾಲ ಪಡೆದ ದಿನವೇ ಮೊದಲ ಕಂತು ಹಿಡಿದುಕೊಳ್ಳುವ ಪದ್ಧತಿ ಇದೆ, ಅದಕ್ಕೆ ಮುಂಗಡ ಕಂತು ಎನ್ನುತ್ತಾರೆ. ಸಾಲ ಪಡೆದ ದಿನದ ಲೆಕ್ಕಕ್ಕೆ ಅಲ್ಲಿ 1 ಬೇಕು. ಸಾಮಾನ್ಯ ಗೃಹಸಾಲಕ್ಕೆ ಬೇಡ. ಹಾಕಿದರೆ ನಮ್ಮ ಉದಾಹರಣೆಯಲ್ಲಿ ಒಂದು ತಿಂಗಳ ಬಡ್ಡಿ, 16,632 ರೂಪಾಯಿ, ಹೆಚ್ಚು ತೋರಿಸುತ್ತದೆ.

6. ದರ ಬದಲಾಗಿದ್ದರೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳು ರೆಪೊ ದರದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಅಂಟಿಕೊಂಡಿವೆ. ಮೂರು ತಿಂಗಳಿಗೆ ಒಮ್ಮೆಯಾದರೂ ದರವನ್ನು ಪರಿಷ್ಕರಿಸಬೇಕು. ದರ ಬದಲಾದಾಗ ಬ್ಯಾಂಕು ಸಾಮಾನ್ಯವಾಗಿ ಕಂತನ್ನು ಮುಟ್ಟದೆ ಅವಧಿಯನ್ನು ಎಳೆಯುತ್ತದೆ ಅಥವಾ ಕುಗ್ಗಿಸುತ್ತದೆ.

ನಮ್ಮ ಸಾಲದ ದರ 60ನೇ ಕಂತಿನ ನಂತರ ಶೇ. 8.5ಕ್ಕೆ ಇಳಿಯಿತು, ಕಂತು ಅದೇ 22,493 ಎನ್ನಿ. ಹಳೆಯ 180ನ್ನೇ ಇಟ್ಟುಕೊಂಡು ಹೊಸ ದರ ಹಾಕಿದರೆ ಸುಮಾರು 22,84,000 ಬರುತ್ತದೆ. ದರ ಇಳಿದ ಕೂಡಲೇ ಬಾಕಿ 66 ಸಾವಿರ ಏರಿತೇ? ಇಲ್ಲ. ಬಾಕಿ ಅದೇ 22,17,662. ಬದಲಾದದ್ದು ಉಳಿದ ಕಂತುಗಳ ಸಂಖ್ಯೆ. ಅದನ್ನು ಕಂಡುಹಿಡಿಯಲು ಎನ್‌ಪರ್ ಎಂಬ ಫಂಕ್ಷನ್ ಇದೆ:

=NPER(8.5%/12, -22493, 2217662)

ಉತ್ತರ 169.8. ಅಂದರೆ 169 ಪೂರ್ತಿ ಕಂತು, ಕೊನೆಯದೊಂದು ಸ್ವಲ್ಪ ಚಿಕ್ಕದು. ಹತ್ತು ತಿಂಗಳು ಉಳಿಯಿತು. ನಿಯಮ ಇಷ್ಟೇ: ಹೊಸ ದರದ ಜೊತೆ ಹೊಸ ಅವಧಿ, ಹಳೆಯ ದರದ ಜೊತೆ ಹಳೆಯ ಅವಧಿ. ಬೆರೆಸಬೇಡಿ. ದರ ಏರಿದಾಗ ಕಂತು ಹೆಚ್ಚಿಸುವುದೋ ಅವಧಿ ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ಕೇಳಿ ಪಡೆಯಿರಿ.

7. ಫ್ಲಾಟ್ ದರದ ಸಾಲ

ಬೈಕ್, ಹಳೆಯ ಕಾರು, ಸಣ್ಣ ಫೈನಾನ್ಸ್ ಸಾಲಗಳಲ್ಲಿ ‘ಶೇ. 8 ಫ್ಲಾಟ್’ ಎಂಬ ಮಾತು ಕೇಳಿರುತ್ತೀರಿ. ಅಸಲು ಇಳಿಯುತ್ತಿದ್ದರೂ ಮೊದಲ ದಿನದ ಪೂರ್ತಿ ಸಾಲದ ಮೇಲೇ ಅವಧಿಯುದ್ದಕ್ಕೂ ಬಡ್ಡಿ ಹಾಕುವ ಪದ್ಧತಿ ಇದು. ಒಂದು ಲಕ್ಷಕ್ಕೆ ಮೂರು ವರ್ಷದ ಬಡ್ಡಿ 24,000; ಒಟ್ಟು 1,24,000ವನ್ನು 36ರಿಂದ ಭಾಗಿಸಿದರೆ ಕಂತು 3,444.

ಈ 8ನ್ನು ಸೂತ್ರಕ್ಕೆ ಹಾಕಲೇಬೇಡಿ. ಮೊದಲು ನಿಜವಾದ ದರ ತೆಗೆಯಿರಿ:

=RATE(36, -3444, 100000)*12

ಖಾನೆಯನ್ನು ಶೇಕಡಾ ರೂಪಕ್ಕೆ, ಎರಡು ದಶಾಂಶಕ್ಕೆ ಬದಲಿಸಿದರೆ ಸುಮಾರು 14.5 ಕಾಣುತ್ತದೆ. ಶೇ. 8 ಎಂದದ್ದು ನಿಜಕ್ಕೆ ಶೇ. 14.5! ಹನ್ನೆರಡು ಕಂತು ಮುಗಿದು 24 ಉಳಿದಾಗ ಪ್ರಸ್ತುತ ಮೌಲ್ಯ ಈ ನಿಜವಾದ ದರದಲ್ಲಿ 71,300ರ ಆಸುಪಾಸು, ಶೇ. 8 ಹಾಕಿದವರಿಗೆ 76,100 ಎಂದು ಬರುತ್ತದೆ. ಸಾಲ ತೀರಿಸಲು ಹೋದಾಗ 4,800 ರೂಪಾಯಿ ಹೆಚ್ಚು ಕೇಳಿದರೂ ‘ಸರಿಯೇ ಇದೆ’ ಎಂದು ಕೊಟ್ಟು ಬರುತ್ತಾರೆ.

‘ನೋ ಕಾಸ್ಟ್ ಇಎಂಐ’ಯನ್ನೂ ಇದೇ ಫಂಕ್ಷನ್ನಿನಿಂದ ಪರೀಕ್ಷಿಸಿ. ನಗದು ಕೊಟ್ಟರೆ 28,500ಕ್ಕೆ ಸಿಗುವ ಫೋನು, ಕಂತಿನಲ್ಲಾದರೆ 5,000ದಂತೆ ಆರು ತಿಂಗಳು ಎನ್ನಿ. ಕೈಬಿಟ್ಟ 1,500ರ ರಿಯಾಯಿತಿಯೇ ಬಡ್ಡಿ. ದರ ವರ್ಷಕ್ಕೆ ಸುಮಾರು ಶೇ. 17.8.

8. ತಿಂಗಳ ಕಂತು ಅಲ್ಲದಿದ್ದರೆ

ಟ್ರ್ಯಾಕ್ಟರ್ ಸಾಲದಂಥವು ಬೆಳೆ ಕೈಗೆ ಬರುವ ಕಾಲಕ್ಕೆ ಹೊಂದಿಕೊಂಡು ಅರ್ಧವಾರ್ಷಿಕ ಕಂತಿನಲ್ಲಿರುತ್ತವೆ. ಅಲ್ಲಿ ದರವನ್ನು 2ರಿಂದ ಭಾಗಿಸಿ, ಅರ್ಧವರ್ಷಗಳನ್ನು ಎಣಿಸಿ. ಶೇ. 12, ತಲಾ 60,000ದ ಆರು ಕಂತು ಬಾಕಿ: ದರ 0.06, ಗುಣಕ 4.91732, ಬಾಕಿ 2,95,039. ಆದರೆ ಬಡ್ಡಿಯನ್ನು ಎಷ್ಟು ದಿನಕ್ಕೊಮ್ಮೆ ಅಸಲಿಗೆ ಸೇರಿಸುತ್ತಾರೆ ಎಂದು ಕೇಳಿಕೊಳ್ಳಿ. ಪ್ರತಿ ತಿಂಗಳೂ ಸೇರಿಸುವುದಾದರೆ ಅರ್ಧವರ್ಷದ ದರ 6 ಅಲ್ಲ, 1.01^6 − 1, ಅಂದರೆ ಶೇ. 6.152. ಆಗ ಬಾಕಿ ಸುಮಾರು 2,93,600.

9. ಸಾಲ ಚುಕ್ತಾ ಮಾಡುವಾಗ

ಮೇಲಿನ ಲೆಕ್ಕ ಕಂತು ಕಟ್ಟಿದ ದಿನದ ಬಾಕಿ. ಕಂತಿನ ದಿನ 5ನೇ ತಾರೀಖು, ನೀವು ತೀರಿಸಲು ಹೋಗುವುದು 15ಕ್ಕೆ ಎಂದಾದರೆ ಹತ್ತು ದಿನದ ಬಡ್ಡಿ ಸೇರಿಸಿ: 22,17,662 × 0.09 ÷ 365 × 10 = 5,468. ವ್ಯಕ್ತಿಗಳ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಅವಧಿಗೆ ಮೊದಲೇ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಸ್ಥಿರ ದರದ ಸಾಲಕ್ಕೆ ಶುಲ್ಕ ಇರಬಹುದು, ಕರಾರುಪತ್ರ ನೋಡಿ. ಇದ್ದರೆ ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ, ಅಸಲಿನ ಮೇಲೆ ಜಿಎಸ್‌ಟಿ ಇಲ್ಲ. ತಪ್ಪಿದ ಕಂತುಗಳಿದ್ದರೆ ಅವು ಈ ಸೂತ್ರದೊಳಗೆ ಬರುವುದಿಲ್ಲ, ಪ್ರತ್ಯೇಕವಾಗಿ ಕೂಡಿಸಬೇಕು.

10. ಬೇರೆ ದರ ಹಾಕಿ ನೋಡುವುದು ಯಾವಾಗ?

ಸಾಲ ಪಡೆಯುವ ಮುನ್ನ ಇದೇ ಸೂತ್ರ ‘ನನಗೆ ಎಷ್ಟು ಸಾಲ ಸಿಕ್ಕೀತು’ ಎಂಬುದಕ್ಕೆ ಉತ್ತರ ಕೊಡುತ್ತದೆ. ತಿಂಗಳಿಗೆ 30,000 ಕಟ್ಟಬಲ್ಲಿರಿ, ಅವಧಿ 20 ವರ್ಷ ಎನ್ನಿ. ಶೇ. 8.5ಕ್ಕೆ ಸುಮಾರು 34,56,900 ಸಾಲ, ಶೇ. 9.5ಕ್ಕೆ ಸುಮಾರು 32,18,400. ಒಂದು ಶೇಕಡಾ ದರಕ್ಕೆ ಎರಡು ಲಕ್ಷದ 38 ಸಾವಿರ ಅಂತರ. ಫ್ಲೋಟಿಂಗ್ ದರವಾದರೆ ಈಗಿನದಕ್ಕಿಂತ ಒಂದು ಶೇಕಡಾ ಹೆಚ್ಚು ಹಾಕಿ ಬಂದ ಮೊತ್ತಕ್ಕೇ ನಿಮ್ಮ ಮನೆಯ ಬಜೆಟ್ ಕಟ್ಟಿಕೊಳ್ಳಿ.

ಇನ್ನೊಂದು ಸಂದರ್ಭ: ನಿವೃತ್ತಿಯ ಹಣವೋ ಸೈಟು ಮಾರಿದ ಹಣವೋ ಕೈಗೆ ಬಂದಿದೆ. ಸಾಲ ತೀರಿಸುವುದೋ, ಠೇವಣಿ ಇಟ್ಟು ಕಂತು ಕಟ್ಟುತ್ತಾ ಹೋಗುವುದೋ? ಇಲ್ಲಿ ಹಾಕಬೇಕಾದದ್ದು ಸಾಲದ ದರವಲ್ಲ, ನಿಮ್ಮ ಹಣ ದುಡಿಯುವ ದರ. ಠೇವಣಿಗೆ ಶೇ. 7 ಸಿಗುವುದಾದರೆ 22,493ರ 180 ಕಂತುಗಳ ಪ್ರಸ್ತುತ ಮೌಲ್ಯ ಸುಮಾರು 25,02,500. ಅಂದರೆ ಠೇವಣಿಯಿಂದಲೇ ಎಲ್ಲ ಕಂತು ಕಟ್ಟಿ ಮುಗಿಸಲು ಇವತ್ತು ಅಷ್ಟು ಹಣ ಬೇಕು. ಬ್ಯಾಂಕಿಗೆ ಇವತ್ತೇ 22,17,662 ಕೊಟ್ಟರೆ ಕತೆ ಮುಗಿಯುತ್ತದೆ. ತೀರಿಸುವುದೇ ಸುಮಾರು 2,85,000 ಲಾಭ.

ಠೇವಣಿಯ ಬಡ್ಡಿಗೆ ತೆರಿಗೆ ಇದೆ ಎಂಬುದನ್ನು ಇಲ್ಲಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತೆರಿಗೆ ಕಳೆದು ಕೈಗೆ ಶೇ. 5.5 ಮಾತ್ರ ಉಳಿಯುವುದಾದರೆ ಬೇಕಾಗುವ ಹಣ 27,52,800ಕ್ಕೆ ಏರುತ್ತದೆ, ತೀರಿಸುವ ಪಕ್ಷ ಇನ್ನಷ್ಟು ಗಟ್ಟಿಯಾಗುತ್ತದೆ. ಇನ್ನೊಂದು ಕಡೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಸ್ವಂತ ವಾಸದ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಸಿಗುತ್ತದೆ. ಸಾಲ ತೀರಿದರೆ ಅದೂ ಹೋಗುತ್ತದೆ, ಆ ತೆರಿಗೆಯ ಮೊತ್ತವನ್ನು ಲಾಭದಿಂದ ಕಳೆಯಬೇಕು. ಮತ್ತು 22 ಲಕ್ಷ ಕೊಟ್ಟ ಮೇಲೆ ಆಸ್ಪತ್ರೆಯ ಖರ್ಚಿಗೂ ಕೈಯಲ್ಲಿ ಹಣ ಉಳಿಯದಿದ್ದರೆ ಪೂರ್ತಿ ತೀರಿಸಬೇಡಿ. ಒಂದಷ್ಟು ಇಟ್ಟುಕೊಂಡು ಉಳಿದದ್ದನ್ನು ಭಾಗಶಃ ಕಟ್ಟಿ, ‘ಕಂತು ಅದೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಬರವಣಿಗೆಯಲ್ಲಿ ಕೊಡಿ. ಆಮೇಲೆ ಹೊಸ ಬಾಕಿಯನ್ನು ಎನ್‌ಪರ್‌ಗೆ ಹಾಕಿ, ಬ್ಯಾಂಕು ತೋರಿಸುವ ಹೊಸ ಅವಧಿಯೊಂದಿಗೆ ಹೊಂದುತ್ತದೆಯೇ ನೋಡಿ.